ಹುಲಿಯಮ್ಮ ನಮಗೆ ಯಾರೂ ಅಲ್ಲ

ರಂಗಸ್ವಾಮಿಯ ಆ ದಿನದ ಪಡಿಪಾಟಲಿಗೆಲ್ಲ ಕಾರಣ ಒಂದೇ ಒಂದು ಮಾತು. ಅದು ಬೈಗುಳವಲ್ಲ, ಸುಳ್ಳಲ್ಲ, ಚಾಡಿಯೂ ಅಲ್ಲ. ಮಾತು ಕಲಿತ ದಿನದಿಂದ ಅವನು ಹೊತ್ತು ಹೊತ್ತಿಗೂ ಆಡಿಕೊಂಡು ಬಂದ ಮಾತು: ಅತ್ತೆ.

ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದಾಗ ಆಫೀಸಿನ ಶಿವಲೀಲಾ ಫೋನ್ ಮಾಡಿದಳು. ರಂಗಸ್ವಾಮಿ ಆಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಡಿ ಗ್ರೂಪ್ ನೌಕರ. ಫೈಲು ಹೊರುವುದು, ಟೀ ತರುವುದು, ಸಾಹೇಬರು ಇದ್ದಾಗ ಇಲ್ಲವೆಂದೂ ಇಲ್ಲದಾಗ ಈಗಷ್ಟೇ ಇದ್ದರೆಂದೂ ಹೇಳುವುದು ಅವನ ಕೆಲಸ. ಶಿವಲೀಲಾ ಅಲ್ಲಿಯ ಗುಮಾಸ್ತೆ.

"ರಂಗಸ್ವಾಮಿ, ಇವತ್ತೇ ಬರ್ತಾವ್ರೆ ಕಣಪ್ಪ ಶೃತಿ ಮೇಡಂ, ನಿನ್ನ ಮಗು ನೋಡ್ಕೊಳೋರ್ನ ನೋಡಕ್ಕೆ. ಒಂದು ಮಾತು ತಲೇಲಿರ್ಲಿ. ನೋಡ್ಕೊಳೋರು ನೆಂಟರಾಗಿರ್ಬಾರ್ದು. ಬೇರೆ ಕಡೆ ಒಬ್ಬನ ಮಗು ಆಯಾನ ದೊಡ್ಡಮ್ಮ ಅಂದ್‌ಬುಡ್ತಂತೆ. ಅಲ್ಲೇ ಅರ್ಜಿ ವಜಾ."

"ಹುಲಿಯತ್ತೆ ನಮ್ಗೆ ನೆಂಟ್ರಲ್ಲ ಕಣಕ್ಕ."

"ಬಾಯ್ತುಂಬ ಅತ್ತೆ ಅಂತೀಯ, ನೆಂಟ್ರಲ್ಲ ಅಂತೀಯ. ಇದನ್ನೇ ಅವರ ಮುಂದೆ ಅಂದು ನೋಡು."

ರಂಗಸ್ವಾಮಿಯ ಬಾಯಲ್ಲಿದ್ದ ಪೇಸ್ಟು ಹಾಗೇ ಗಂಟಲಿಗಿಳಿಯಿತು.

ಸಂಗತಿ ಇಷ್ಟು. ಕಡಿಮೆ ಸಂಬಳದ ನೌಕರರು ಕೆಲಸಕ್ಕೆ ಹೋದಾಗ ಅವರ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡಲೆಂದು ಇಲಾಖೆ ತಿಂಗಳು ತಿಂಗಳು ಸಹಾಯಧನ ಕೊಡಲು ಹೊರಟಿತ್ತು. ಆದರೆ ನೋಡಿಕೊಳ್ಳುವವರು ಹೊರಗಿನವರಾಗಿರಬೇಕು. ಪರರು ಮಗುವಿನ ಮೂಗು ಒರೆಸಿದರೆ ಅದು ಕೆಲಸ. ನೆಂಟರು ಒರೆಸಿದರೆ ಅದು ಪ್ರೀತಿ. ಪ್ರೀತಿಗೆ ಸರ್ಕಾರದಲ್ಲಿ ದುಡ್ಡಿಲ್ಲ. ಈ ನಿಯಮ ಬರೆದ ಮಹಾನುಭಾವ ತಣ್ಣನೆಯ ಕೋಣೆಯಲ್ಲಿ ಕೂತು ಬರೆದಿರಬೇಕು. ಜನ್ಮದಲ್ಲಿ ಒಂದು ಮಗುವಿನ ಕುಂಡಿ ತೊಳೆದಿದ್ದರೆ ಕೇಳಿ.

ರಂಗಸ್ವಾಮಿಯ ಹೆಂಡತಿ ಚಂದ್ರಿಕಾ ಆಲೂರಿನ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಇಬ್ಬರೂ ಬೆಳಗಿನ ಬಸ್ಸು ಹತ್ತಿದರೆ ಎರಡೂವರೆ ವರ್ಷದ ಮಗಳು ಚೈತ್ರಶ್ರೀಗೆ ಪಕ್ಕದ ಮನೆಯ ಹುಲಿಯಮ್ಮನೇ ಗತಿ. ಹುಲಿಯಮ್ಮ ಹುಟ್ಟಿದ್ದು ಘಟ್ಟದ ಕಡೆಯ ಹೆಗ್ಗದ್ದೆಯಲ್ಲಿ, ಪಾಳ್ಯದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದವಳು. ಅವಳು ತಟ್ಟುವ ಅಕ್ಕಿ ರೊಟ್ಟಿಯ ಸುದ್ದಿ ಆನೇಮಹಲ್ ಹತ್ತಿರದ ಒಂದು ಹೋಂಸ್ಟೇಯವರ ಕಿವಿಗೆ ಬಿದ್ದು, ಪ್ರವಾಸಿಗರಿಗೆ ರೊಟ್ಟಿ ತಟ್ಟಿಕೊಡಲು ಬಾ ಎಂದು ಅವರು ಕರೆಯುತ್ತಲೇ ಇದ್ದರು. "ನಂಗೂ ಒಂದು ಸಂಬಳ ಅಂತ ಆದ್ರೆ ಇಲ್ಲೇ ಇರ್ತೀನಿ ಕಣ್ಲಾ. ಇಲ್ದಿದ್ರೆ ಹೊಂಟೆ" ಎಂದು ಅವಳು ನೇರವಾಗಿಯೇ ಹೇಳಿದ್ದಳು. ಅವಳು ಹೊರಟರೆ ಗಂಡ ಹೆಂಡಿರಲ್ಲಿ ಒಬ್ಬರು ಕೆಲಸ ಬಿಡಬೇಕು. ಆ ಒಬ್ಬರು ತಾನಲ್ಲ ಎಂದು ಚಂದ್ರಿಕಾ ಅದಕ್ಕಿಂತ ನೇರವಾಗಿ ಹೇಳಿದ್ದಳು.

ರಂಗಸ್ವಾಮಿ ರಜೆ ಹಾಕಿ, ಮಗಳನ್ನು ಸೊಂಟಕ್ಕೇರಿಸಿಕೊಂಡು ಪಕ್ಕದ ಮನೆಗೆ ನಡೆದ.

"ಅತ್ತೆ," ಎಂದವನು ನಾಲಿಗೆ ಕಚ್ಚಿಕೊಂಡ. "ಹುಲಿಯಮ್ಮನವರೇ."

ಒಲೆ ಊದುತ್ತಿದ್ದ ಹುಲಿಯಮ್ಮ ಕೊಳವೆ ಕೆಳಗಿಟ್ಟು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾಕ್ಲಾ ಮಗ, ಜ್ವರ ಬಂದೈತಾ?"

ಅವನು ವಿಷಯ ಹೇಳಿದ. ಕೇಳುತ್ತಾ ಕೇಳುತ್ತಾ ಹುಲಿಯಮ್ಮನ ಮುಖ ಹಳೆಯ ಹುಣಸೆಹಣ್ಣಿನ ಹಾಗೆ ಕಪ್ಪಿಟ್ಟಿತು.

"ನೀನು ಹುಟ್ದಾಗ ನಿಮ್ಮವ್ವಂಗೆ ಬಾಣಂತನ ಮಾಡ್ದೋಳು ನಾನು. ನಿನ್ನ ಕಾಲ ಮೇಲೆ ಮಲಗಿಸ್ಕೊಂಡು ನೀರು ಹುಯ್ದೋಳು ನಾನು. ಈಗ ನಾನು ಯಾರೂ ಅಲ್ವಾ?"

"ಇವತ್ತೊಂದಿನ ಯಾರೂ ಅಲ್ಲ. ನಾಳೆಯಿಂದ ಮತ್ತೆ ಅತ್ತೆ."

"ಅದೇನು ಅಂಗೀನಾ, ಬಿಚ್ಚಿಟ್ಟು ಮತ್ತೆ ಹಾಕ್ಕೊಳಕ್ಕೆ?"

ಆದರೂ ಸಂಬಳದ ಮಾತು ಬಂದದ್ದರಿಂದ ಹುಲಿಯಮ್ಮ ಗೊಣಗುತ್ತಲೇ ಒಪ್ಪಿದಳು. ಒಪ್ಪದವಳು ಚೈತ್ರಶ್ರೀ. ರಂಗಸ್ವಾಮಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಜಗಲಿಯ ಮೇಲೆ ಶಾಲೆ ತೆರೆದ.

"ಇವರು ಯಾರು ಪುಟ್ಟಿ? ಹುಲಿಯಮ್ಮ ಅನ್ನು."

"ಅಜ್ಜಿ."

"ಅಲ್ಲ. ಹು-ಲಿ-ಯ-ಮ್ಮ. ಬಿಸ್ಕತ್ತು ಬೇಕಾ?"

"ಬೇಕು."

"ಯಾರು ಇವರು?"

"ಅಜ್ಜಿ."

ಪೊಟ್ಟಣ ಖಾಲಿಯಾಯಿತು. ಅಜ್ಜಿ ಅಜ್ಜಿಯಾಗಿಯೇ ಉಳಿದಳು.

ಮಗುವನ್ನು ಬಿಟ್ಟು ಅವನು ಊರನ್ನು ಹಿಡಿದ. ಹುಲಿಯಮ್ಮ ಅವನೊಬ್ಬನ ಅತ್ತೆಯಲ್ಲ. ಆ ಊರಿನ ಹರೆಯದವರಿಗೆಲ್ಲ ಅತ್ತೆ, ಮಕ್ಕಳಿಗೆಲ್ಲ ಅಜ್ಜಿ. ಹೆಸರು ಹಿಡಿದು ಕರೆಯುವುದು ಎಂದರೆ ಅಲ್ಲಿ ಜಗಳಕ್ಕೆ ಕರೆದ ಹಾಗೆ. ಹೋಗುವವರು ಬರುವವರು ಮೇಡಂ ಬರುವ ಜೀಪಿನ ಮುಂದೆ ಒಂದು ಸಲ "ಏನತ್ತೆ, ಕಾಫಿ ಆಯ್ತಾ" ಎಂದರೆ ಮುಗಿಯಿತು. ಬಸ್ಸು ನಿಲ್ಲುವಲ್ಲಿ ಅಂಗಡಿ ಇಟ್ಟಿದ್ದ ಗಣೇಶನ ಕಿವಿಯಲ್ಲಿ ರಂಗಸ್ವಾಮಿ ಗುಟ್ಟು ಊದಿದ. "ಯಾರ್ಗೂ ಗೊತ್ತಾಗ್ಬಾರ್ದು ಮಾರಾಯ. ಬರೋರ್ಗೆ ಮೆತ್ತಗೆ ಒಂದು ಮಾತು ಹೇಳು, ಸಾಕು."

"ಮೆತ್ತಗೆ ಹೇಳ್ತೀನಿ ಬಿಡು," ಎಂದ ಗಣೇಶ ಮೊಬೈಲು ತೆಗೆದು, ಆನೆ ಎಲ್ಲಿದೆ ಎಂದು ತಿಳಿಸಲು ಸುತ್ತಿನ ಊರಿನವರೆಲ್ಲ ಇದ್ದ ವಾಟ್ಸಾಪ್ ಗುಂಪಿನಲ್ಲಿ ಮೈಕಿನಲ್ಲಿ ಕೂಗಿದವನಂತೆ ಕೂಗಿದ. "ಎಲ್ಲರ ಗಮನಕ್ಕೆ. ಇವತ್ತು ಹುಲಿಯತ್ತೆನ ಯಾರೂ ಅತ್ತೆ ಅನ್ನಬಾರ್ದು. ಅಕ್ಕ, ಅವ್ವ, ಅಜ್ಜಿ ಯಾವ್ದೂ ಬೇಡ. ಜೀಪು ಹೋದ್ಮೇಲೆ ಯಥಾಪ್ರಕಾರ."

ಉತ್ತರಗಳು ಜೇನು ಕೆದಕಿದ ಹಾಗೆ ಎದ್ದವು. ಮತ್ತೇನನ್ನೋದು? ಮೇಡಂ ಅನ್ನಿ. ನಮ್ಮವ್ವಂಗೆ ಮೇಡಂ ಅನ್ನಕ್ಕೆ ಬರಲ್ಲ. ಹಂಗಾದ್ರೆ ಸುಮ್ನೆ ನಗಾಡಲಿ. ಯಾಕೆ, ಅತ್ತೆ ಎಲೆಕ್ಷನ್‌ಗೆ ನಿಂತವ್ರಾ? ಬೆಳಿಗ್ಗೆ ಆನೆ ಯಾವ ತೋಟದಲ್ಲಿದೆ ಎಂದು ಯಾರೋ ಕೇಳಿದ್ದ ಪ್ರಶ್ನೆ ಈ ಗದ್ದಲದಲ್ಲಿ ಎಲ್ಲೋ ಕೊಚ್ಚಿಹೋಯಿತು.

ಉಳಿದವನು ಒಬ್ಬ, ಗಿಡ್ಡಯ್ಯ. ಹೆಸರು ಗಿಡ್ಡಯ್ಯನಾದರೂ ಬಾಗಿಲಲ್ಲಿ ಬಗ್ಗಿ ಬರುವಷ್ಟು ಉದ್ದದ ಮುದುಕ. ಊರಿಗೆ ಬಂದವರು ಮೀಟರು ಓದುವವರಾಗಲಿ, ಪಾತ್ರೆ ಮಾರುವವರಾಗಲಿ, ಯಾವೂರು, ಯಾರ ಮನೆ, ತಾಯಿ ತವರು ಯಾವುದು ಎಂದು ಕೇಳದೆ ಅವನು ಬಿಟ್ಟವನಲ್ಲ. ಕೇಳಿ ಕೇಳಿ ಕೊನೆಗೆ ಯಾವುದೋ ಒಂದು ಮದುವೆಯ ದಿಬ್ಬಣದಲ್ಲಿ ಅವರನ್ನು ಊರಿನವರೊಡನೆ ಗಂಟುಹಾಕಿಯೇ ಬೀಡಿ ಹಚ್ಚುತ್ತಿದ್ದ. ಗಿಡ್ಡಯ್ಯನ ಕೈಗೆ ಸಿಕ್ಕರೆ ಮೂರು ತಾಲ್ಲೂಕಿನಲ್ಲಿ ನೆಂಟರಲ್ಲದವರು ಯಾರೂ ಉಳಿಯುವುದಿಲ್ಲ ಎಂದು ರಂಗಸ್ವಾಮಿಗೆ ಗೊತ್ತಿತ್ತು. ಅವನನ್ನು ಬಸ್ ಚಾರ್ಜು ಕೊಟ್ಟು ಪಾಳ್ಯಕ್ಕೆ ಅಟ್ಟಿದ. "ಗಿಡ್ಡಜ್ಜ, ಒಳ್ಳೆ ವೀಳ್ಯದೆಲೆ ಆರಿಸ್ಕೊಂಡು ಬಾ. ಅವಸರ ಇಲ್ಲ, ಸಂಜೆಗೆ ಬಂದ್ರೂ ಆಯ್ತು."

ಜೀಪು ಬಂದಾಗ ಬಿಸಿಲು ಏರಿತ್ತು. ಇಳಿದ ಶೃತಿ ಮೇಡಂಗೆ ಮೂವತ್ತರ ಸುಮಾರು. ಮೈಸೂರಿನಲ್ಲಿ ಬೆಳೆದು ಹಾಸನದ ಕಚೇರಿಗೆ ಹೊಸದಾಗಿ ಬಂದವರು. ಫೋನು ಕಿವಿಯಲ್ಲೇ ಇತ್ತು. "ಇನ್ನೂ ಅಳ್ತಿದಾನಾ? ಆಯಾ ಇವತ್ತೂ ಬರ್ಲಿಲ್ವಾ? ಸರಿ, ನೀವೇ ಸ್ವಲ್ಪ ಎತ್ಕೊಂಡಿರಿ, ನಾನು ಬೇಗ ಬರ್ತೀನಿ." ಫೋನಿಟ್ಟು, ಮುಖವನ್ನು ಅಧಿಕಾರಿಯ ಮುಖ ಮಾಡಿಕೊಂಡು, "ಎಲ್ಲಿ ಮಗು?" ಎಂದರು.

ಊರಿನವರಿಗೆ ಆ ಹೊತ್ತಿಗೆ ಸರಿಯಾಗಿ ಹುಲಿಯಮ್ಮನ ಮನೆ ಮುಂದೆಯೇ ಕೆಲಸ ಹುಟ್ಟಿಕೊಂಡಿತ್ತು. ಹಾಲಿನ ಕ್ಯಾನು ಹಿಡಿದವನೊಬ್ಬ ನಿಂತು, "ನಮಸ್ಕಾರ ಹುಲಿಯಮ್ಮ ಮೇಡಂ" ಎಂದ. ಸೊಪ್ಪಿನ ಹೊರೆ ಹೊತ್ತವಳು, "ಊಟ ಆಯ್ತಾ ಹುಲಿಯಮ್ಮ ಮೇಡಂ" ಎಂದಳು. ಗಣೇಶ ಅಂಗಡಿಗೆ ಬಾಗಿಲು ಹಾಕಿಕೊಂಡು ಬಂದು, "ಗುಡ್ ಮಾರ್ನಿಂಗ್ ಹುಲಿಯಮ್ಮ ಮೇಡಂ" ಎಂದ. ಮೇಡಂ ಅನ್ನಲು ಬಾರದ ಮುದುಕಿ ಬೇಲಿಯಾಚೆ ನಿಂತು ಸುಮ್ಮನೆ ನಗಾಡಿತು.

"ಇವರು ಮೊದಲು ಟೀಚರ್ ಆಗಿದ್ರಾ?" ಎಂದರು ಶೃತಿ ಮೇಡಂ.

"ಹೂಂ ಮೇಡಂ. ಅಲ್ಲ ಮೇಡಂ. ಮರ್ಯಾದಸ್ಥರು," ಎಂದ ರಂಗಸ್ವಾಮಿ.

ಶೃತಿ ಮೇಡಂ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಪುಟ್ಟಾ, ನಿನ್ನ ದಿನಾ ಯಾರು ನೋಡ್ಕೊಳ್ತಾರೆ?"

ಚೈತ್ರಶ್ರೀ ಅಪ್ಪನನ್ನು ನೋಡಿದಳು, ಬಿಸ್ಕತ್ತಿನ ಖಾಲಿ ಪೊಟ್ಟಣ ನೋಡಿದಳು. ಬೆಳಗಿನ ಪಾಠ ಅರ್ಧ ನೆನಪಾಯಿತು. "ಹುಲಿ," ಎಂದಳು.

ಮೇಡಂ ದಡಕ್ಕನೆ ಎದ್ದು ತೋಟದ ಕಡೆ ನೋಡಿದರು. "ಈ ಕಡೆ ಆನೆ ಇದೆ ಅಂತ ಗೊತ್ತಿತ್ತು. ಹುಲಿನೂ ಇದೆಯಾ?"

ಎಲ್ಲರೂ ನಕ್ಕರು. ನಗು ಕಂಡು ಹುರುಪಿಗೆ ಬಂದ ಮಗು ತನಗೆ ಗೊತ್ತಿದ್ದದ್ದನ್ನೆಲ್ಲ ಒಪ್ಪಿಸಿತು. ಜೀಪಿನ ಡ್ರೈವರಿಗೆ ಬೆರಳು ತೋರಿಸಿ ಮಾವ ಎಂದಿತು. ಮೇಡಂಗೆ ತೋರಿಸಿ ಅತ್ತೆ ಎಂದಿತು. ಹುಲಿಯಮ್ಮನಿಗೆ ತೋರಿಸಿ ಅಜ್ಜಿ ಎಂದಿತು.

"ಅಜ್ಜಿ?" ಮೇಡಂ ಹುಬ್ಬು ಏರಿತು.

ರಂಗಸ್ವಾಮಿಯ ತಲೆ ಜನ್ಮದಲ್ಲಿ ಒಂದು ಸಲ ಓಡಿತು. "ಮೇಡಂ, ಮಗು ನಿಮ್ಮನ್ನೂ ಅತ್ತೆ ಅಂತು. ಹಂಗಂತ ನಾನು ನಿಮ್ಗೆ ತಮ್ಮ ಆಗ್ಬುಟ್ನಾ?"

ಮೇಡಂ ನಕ್ಕುಬಿಟ್ಟರು. "ಸರಿ, ಒಪ್ಕೊಂಡೆ. ಆದ್ರೂ ಇಬ್ಬರೂ ವಿಡಿಯೋದಲ್ಲಿ ಹೇಳಿ, ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ ಅಂತ. ಅಷ್ಟಿದ್ರೆ ಸಾಕು."

ಜಗಲಿಯ ಮೇಲೆ ಇಬ್ಬರನ್ನೂ ನಿಲ್ಲಿಸಿ ಡ್ರೈವರು ಮೊಬೈಲು ಹಿಡಿದ. ಮೊದಲ ಸಲ ಹುಲಿಯಮ್ಮನ ಹುಂಜ ಅಡ್ಡ ಬಂದು ಕೂಗಿತು. ಎರಡನೆಯ ಸಲ ರಂಗಸ್ವಾಮಿ ಎದೆ ಉಬ್ಬಿಸಿ, "ಅತ್ತೆ ನಮಗೆ ಯಾರೂ ಅಲ್ಲ" ಎಂದ. ಗಣೇಶ ಹಣೆ ಚಚ್ಚಿಕೊಂಡ. ಮೂರನೆಯ ಸಲ ರಂಗಸ್ವಾಮಿ ಹಳ್ಳದಾಚೆಗೂ ಕೇಳುವಂತೆ ಕೂಗಿದ: "ಹುಲಿಯಮ್ಮ ನಮಗೆ ಯಾರೂ ಅಲ್ಲ. ಹಿಂದೆನೂ ಯಾರೂ ಅಲ್ಲ, ಮುಂದೆನೂ ಯಾರೂ ಅಲ್ಲ."

ಹುಲಿಯಮ್ಮ ಅವನ ಮುಖ ನೋಡದೆ ಸೆರಗು ಸರಿಮಾಡಿಕೊಂಡು ತನ್ನ ಪಾಲಿನದನ್ನು ಹೇಳಿದಳು. "ಇವನು ನಂಗೆ ಯಾರೂ ಅಲ್ಲ. ಇವರಪ್ಪನೂ ಯಾರೂ ಅಲ್ಲ. ಇವನಿಗೆ ನಾನು ನೀರು ಹುಯ್ದೇ ಇಲ್ಲ."

"ಆಯ್ತು. ಜೀಪಿಂದ ಫೈಲು ತಗೊಂಡು ಬಾ, ಸೈನ್ ಹಾಕಿ ಹೊರಡೋಣ," ಎಂದರು ಮೇಡಂ.

ಫೈಲಿನ ಜೊತೆಗೇ ಡ್ರೈವರು ಸುದ್ದಿಯನ್ನೂ ತಂದ. ಆನೆಗಳ ಹಿಂಡು ಪಾಳ್ಯದ ರಸ್ತೆಗೆ ಇಳಿದಿದೆ, ದಾಟುವವರೆಗೆ ಯಾವ ಗಾಡಿಯೂ ಹೋಗುವ ಹಾಗಿಲ್ಲ. ಬೆಳಿಗ್ಗೆಯೇ ಯಾರಾದರೂ ಗುಂಪಿನಲ್ಲಿ ಹಾಕಿದ್ದರೆ ರಂಗಸ್ವಾಮಿ ಬೇಗ ಸೈನ್ ಹಾಕಿಸಿ ಮೇಡಂನ ಅಷ್ಟರೊಳಗೇ ಕಳಿಸಿಬಿಡುತ್ತಿದ್ದ. ಆದರೆ ಬೆಳಿಗ್ಗೆಯಿಂದ ಗುಂಪಿನಲ್ಲಿ ಅತ್ತೆಯ ಹೊರತು ಬೇರೆ ಪ್ರಾಣಿಯ ಸುದ್ದಿಯೇ ಇರಲಿಲ್ಲ.

"ಆನೆ ದಾಟೋಗಂಟ ಹಸ್ಕೊಂಡು ಕೂರ್ತೀಯ ತಾಯಿ?" ಎಂದ ಹುಲಿಯಮ್ಮ ಬಾಣಲಿ ಇಟ್ಟೇಬಿಟ್ಟಳು. ಬಿಸಿ ಬಿಸಿ ಅಕ್ಕಿ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ ಜಗಲಿಗೆ ಬಂತು. ಮೇಡಂ ಬೇಡ ಬೇಡ ಎನ್ನುತ್ತಲೇ ಮೂರನೆಯದಕ್ಕೆ ಕೈ ಹಾಕಿದರು. ಫೈಲು ತೊಡೆಯ ಮೇಲೆ ತೆರೆದು ಬಿದ್ದಿತ್ತು. ರಂಗಸ್ವಾಮಿ ಪೆನ್ನಿನ ಮುಚ್ಚಳ ತೆಗೆದು ದೀಪ ಹಿಡಿದವನಂತೆ ನಿಂತಿದ್ದ.

"ಕೈಯೆಲ್ಲ ಎಂಜಲು," ಎಂದವರು ತಾವೇ ನಕ್ಕರು. "ಪರವಾಗಿಲ್ಲ ಕೊಡಿ, ನಾನು ಎಡಚಿ." ಎಡಗೈಯಲ್ಲಿ ಪೆನ್ನು ಹಿಡಿದರು. ಅವನ ಜೀವ ಪೆನ್ನಿನ ತುದಿಗೆ ಬಂದು ಕೂತಿತು. ಮೊದಲ ಅಕ್ಷರ ಬಿತ್ತು.

"ಎಡಗೈಲಿ ಬರೀತಿಯಲ್ಲ ತಾಯಿ. ಯಾವೂರಾಯ್ತು?"

ಬಾಗಿಲಷ್ಟು ಎತ್ತರದ ನೆರಳು ಫೈಲಿನ ಮೇಲೆ ಬಿತ್ತು. ಗಿಡ್ಡಯ್ಯ.

"ನೀನು ಪಾಳ್ಯಕ್ಕೆ ಹೋಗಿರ್ಲಿಲ್ವಾ?" ರಂಗಸ್ವಾಮಿಯ ದನಿ ಕೀರಲಾಯಿತು.

"ಅರ್ಧ ದಾರೀಲಿ ಆನೆ ಕಣ್ಲಾ. ಬಸ್ಸಿನೋನು ಹಂಗೇ ಹಿಂದಕ್ಕೆ ತಿರುಗಿಸ್ಕೊಂಡು ಬಂದ." ಗಿಡ್ಡಯ್ಯ ಕಂಬಕ್ಕೊರಗಿ ಕೂತ. "ಯಾವೂರು ಅಂದೆ ತಾಯಿ?"

"ಮೈಸೂರು," ಎಂದರು ಮೇಡಂ.

ರಂಗಸ್ವಾಮಿ ಉಸಿರು ಬಿಟ್ಟ. ಮೈಸೂರಿನಿಂದ ಇಲ್ಲಿಗೆ ಗಂಟುಹಾಕಲು ಗಿಡ್ಡಯ್ಯನಿಂದಲೂ ಆಗದು. "ಮೇಡಂ, ಸೈನ್ ಮುಗಿಸ್ಬುಡಿ, ಆಮೇಲೆ ಮಾತಾಡಿ," ಎಂದ.

"ಮೈಸೂರು ನೀನು ಬೆಳೆದಿದ್ದು. ಈ ಚಟ್ನಿನ ಹಿಂಗೆ ರೊಟ್ಟಿ ಒಳಗೆ ಸುತ್ಕೊಂಡು ಮೈಸೂರೋರು ತಿನ್ನಲ್ಲ. ತಾಯಿ ಕಡೆ ಅಜ್ಜಿ ಯಾವೂರು?"

ಪೆನ್ನು ನಿಂತಿತು. "ನಮ್ಮಜ್ಜಿ ಈ ಕಡೆಯವರೇ ಅಂತೆ, ಸಕಲೇಶಪುರದ ಹತ್ರ ಯಾವುದೋ ಗದ್ದೆ. ಅವರೂ ಎಡಚಿ. ರೊಟ್ಟಿನೂ ಎಡಗೈಲೇ ತಟ್ತಿದ್ರು. ಗಂಗಾಮಣಿ ಅಂತ."

ಒಳಗೆ ಹುಲಿಯಮ್ಮನ ಕೈಯಿಂದ ರೊಟ್ಟಿ ಮಗುಚುವ ಸಟ್ಟುಗ ಠಣ್ಣನೆ ಬಿತ್ತು.

"ಹೆಗ್ಗದ್ದೆ ಗಂಗಾಮಣಿ," ಎಂದ ಗಿಡ್ಡಯ್ಯ, ಬೀಡಿ ಹಚ್ಚಿಕೊಳ್ಳುತ್ತಾ. "ಬಸ್ ಡ್ರೈವರಿಗೆ ಕೊಟ್ಟಿದ್ರು. ಅವನಿಗೆ ಮೈಸೂರಿಗೆ ವರ್ಗ ಆದ್ಮೇಲೆ ಈ ಕಡೆ ತಲೆ ಹಾಕ್ಲಿಲ್ಲ. ಹುಲಿ, ನಿನ್ನ ದೊಡ್ಡಪ್ಪನ ಮಗಳಲ್ವೇನೇ ಅವ್ಳು?"

ಹುಲಿಯಮ್ಮ ಹಿಟ್ಟಿನ ಕೈಯಲ್ಲೇ ಬಂದು ಮೇಡಂ ಗಲ್ಲ ಹಿಡಿದಳು. "ನಮ್ಮ ಗಂಗಕ್ಕನ ಮೊಮ್ಮಗಳಾ ನೀನು? ಅದೇ ಮೂಗು ಕಣವ್ವ, ನೀನು ಬಂದಾಗ್ಲೇ ಅಂದ್ಕೊಂಡೆ." ಮೇಡಂ ಅಧಿಕಾರಿಯ ಮುಖ ಅಷ್ಟು ಹೊತ್ತಿಗೆ ಎಲ್ಲೋ ಬಿದ್ದುಹೋಗಿತ್ತು. ಕಣ್ಣು ತುಂಬಿಕೊಂಡು, "ಅಜ್ಜಿ" ಎಂದರು. ಊರವರೆಲ್ಲ ಮೂಗು ಒರೆಸಿಕೊಂಡರು. ರಂಗಸ್ವಾಮಿಗೂ ಸಂತೋಷವೇ ಆಯಿತು. ಅಧಿಕಾರಿಯೇ ಮನೆಯವಳಾದ ಮೇಲೆ ಇನ್ನೇನು ಎಂದು, ಕೆಳಗೆ ಬಿದ್ದಿದ್ದ ಪೆನ್ನು ಎತ್ತಿ ಒರೆಸಿ ಮತ್ತೆ ಮುಂದೆ ಹಿಡಿದ.

ಮೇಡಂ ಫೈಲು ಮುಚ್ಚಿದರು.

"ಸಾರಿ ರಂಗಸ್ವಾಮಿ. ಇವರು ನಿಮಗೆ ನೆಂಟರಲ್ಲ, ಅದು ಸರಿ. ಆದ್ರೆ ನನಗೆ ನೆಂಟರು. ನನ್ನ ನೆಂಟರಿರೋ ಫೈಲಿಗೆ ನಾನು ಸೈನ್ ಹಾಕೋ ಹಾಗಿಲ್ಲ. ಬೇರೆ ಅಧಿಕಾರಿ ಬಂದು ನೋಡಬೇಕು."

"ಅವರು ಯಾವಾಗ ಬರ್ತಾರೆ ಮೇಡಂ?"

"ಆ ಹುದ್ದೆ ಖಾಲಿ ಇದೆ."

ಅಷ್ಟರಲ್ಲಿ ಅವರ ಫೋನು ಮತ್ತೆ ಹೊಡೆದುಕೊಂಡಿತು. ಅತ್ತ ಕಡೆಯಿಂದ ಮಗುವಿನ ಅಳು ಜಗಲಿಗೆಲ್ಲ ಕೇಳಿಸಿತು. ಹುಲಿಯಮ್ಮ ಕಿವಿ ನಿಮಿರಿಸಿದಳು.

"ಯಾರದು ಅಳೋದು?"

"ನನ್ನ ಮಗ, ಅಜ್ಜಿ. ಒಂದು ವರ್ಷ. ನೋಡ್ಕೊಳೋಕೆ ಯಾರೂ ನಿಲ್ತಿಲ್ಲ. ಪಕ್ಕದ ಮನೆಯವರ ಹತ್ರ ಬಿಟ್ಟು ಬಂದಿದೀನಿ."

"ನನ್ನ ಮರಿಮಗನ್ನ ಯಾರ್ದೋ ಮನೇಲಿ ಬಿಟ್ಟಿದೀಯಾ? ತಡಿ, ಎರಡು ಸೀರೆ ತಗೊಂಡು ಬತ್ತೀನಿ."

ರಂಗಸ್ವಾಮಿ ಪೆನ್ನು ಅಲ್ಲೇ ಬಿಟ್ಟು ಓಡಿದ. ಒಳಗೆ ಸೀರೆ ಮಡಚುತ್ತಿದ್ದವಳ ಹಿಂದೆ ಹೋಗಿ ನಿಂತು, ಬೆಳಿಗ್ಗೆಯಿಂದ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ, "ಅತ್ತೆ" ಎಂದ.

"ಯಾರಪ್ಪ ನೀನು?" ಎಂದಳು ಹುಲಿಯಮ್ಮ.

"ತಮಾಷೆ ಬೇಡತ್ತೆ. ಚೈತ್ರಂಗೆ ಯಾರು ಗತಿ? ನಾವು ನಿಮ್ಮೋರಲ್ವಾ?"

"ಅದನ್ನ ನನ್ನ ಕೇಳ್ಬೇಡ. ಆ ಡ್ರೈವರ್ ಮೊಬೈಲ್‌ನಾಗೆ ಐತೆ. ಹಿಂದೆನೂ ಯಾರೂ ಅಲ್ಲ, ಮುಂದೆನೂ ಯಾರೂ ಅಲ್ಲ. ಊರ್ಗೆಲ್ಲ ಕೇಳೋ ಹಂಗೆ ಕೂಗ್ದೋನು ನೀನೇ ಅಲ್ವಾ?"

ರಂಗಸ್ವಾಮಿ ಜಗಲಿಗೆ ಬಂದು ಡ್ರೈವರಿನ ಮೊಬೈಲನ್ನೇ ನೋಡಿದ.

ಹಿಂಡು ದಾಟಿತು ಎಂದು ಸುದ್ದಿ ಬಂತು. ಕೋಳಿಗಳನ್ನು ಗಿಡ್ಡಯ್ಯನಿಗೆ ಒಪ್ಪಿಸಿ ಹುಲಿಯಮ್ಮ ಜೀಪಿನ ಮುಂದಿನ ಸೀಟಿನಲ್ಲಿ ಹೋಂಸ್ಟೇಯ ಒಡತಿಯಂತೆ ಕೂತಳು. ಹೊರಡುವ ಮುಂಚೆ ತಲೆ ಹೊರಗೆ ಹಾಕಿ ರಂಗಸ್ವಾಮಿಯನ್ನು ಹತ್ತಿರ ಕರೆದಳು. ಮನಸ್ಸು ಬದಲಾಯಿತೆಂದು ಅವನು ಓಡಿದ.

"ಒಲೆ ಪಕ್ಕ ಡಬ್ಬೀಲಿ ರೊಟ್ಟಿ ಐತೆ. ಮೆತ್ತಗಿರೋದು ಮಗೀಗೆ. ನಿಂಗೂ ಎರಡು ಇಟ್ಟಿದೀನಿ, ಯಾರೂ ಅಲ್ದಿದ್ರೂ. ಮರಿಮಗ ನಡೆಯೋದು ಕಲಿಯೋಗಂಟ ಅಷ್ಟೆ, ಆಮೇಲೆ ಬತ್ತೀನಿ."

ಜೀಪು ತಿರುವಿನಲ್ಲಿ ಮರೆಯಾಗುವಾಗ ಚೈತ್ರಶ್ರೀ ಅಪ್ಪನ ಹೆಗಲ ಮೇಲಿಂದ ಕೈ ಚಾಚಿ, ಒಂದು ಅಕ್ಷರವೂ ತಪ್ಪದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಕೂಗಿದಳು: "ಹುಲಿಯಮ್ಮಾ."

ಸಂಜೆ ಚಂದ್ರಿಕಾ ಬಂದಾಗ ಅಪ್ಪ ಮಗಳು ಹುಲಿಯಮ್ಮನ ಜಗಲಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಅವಳು ಕತೆಯೆಲ್ಲ ಕೇಳಿದಳು. ಬೈಯಲು ಬಾಯಿ ತೆರೆದವಳಿಗೆ ನಗು ಬಂದು, ಕಂಬ ಹಿಡಿದು ಕೂತು, ಅವನ ಕೈಯಲ್ಲಿದ್ದ ಅರ್ಧ ರೊಟ್ಟಿ ಕಿತ್ತುಕೊಂಡಳು.

"ನಾಳೆಯಿಂದ ಮಗು ನಿಮ್ಮ ಆಫೀಸಿಗೇ ಬರ್ಲಿ ಬಿಡ್ರೀ. ಅಲ್ಲಿ ಯಾರೂ ನಮ್ಗೆ ನೆಂಟ್ರಲ್ವಲ್ಲ."

ರೊಟ್ಟಿ ಬಹಳ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳದೆ ಅವನಿಗೆ ಗತ್ಯಂತರವಿರಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ನಡುಗಿತು. ಆನೆ ಗುಂಪಿನಲ್ಲಿ ಗಣೇಶನ ದನಿ: "ಎಲ್ಲರ ಗಮನಕ್ಕೆ. ಜೀಪು ಹೋಗೈತೆ. ಇನ್ಮೇಲೆ ಹುಲಿಯತ್ತೆನ ಯಾರು ಬೇಕಾದ್ರೂ ಅತ್ತೆ ಅನ್ನಬಹುದು. ಆದ್ರೆ ಅತ್ತೆ ಊರಲ್ಲಿಲ್ಲ."